20 ನಿಮಿಷಕ್ಕೆ ಎಲ್ಲ ಹೊರಗೆ! ಮಕ್ಕಳಿಗೆ ಮ್ಯೂಸಿಯಂ ತೋರಿಸೋದು ಹೇಗೆ?

ಹಳ್ಳಿ ಮೇಷ್ಟ್ರು

ಎಲ್ರಿಗೂ ನಮಸ್ಕಾರ. ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳ್ಕೊಡ್ತೀನಿ. ಹೋದ ತಿಂಗಳು 8 ಮತ್ತು 9ನೇ ಕ್ಲಾಸಿನ 62 ಮಕ್ಕಳನ್ನ ಒಂದು ದಿನದ ಪ್ರವಾಸಕ್ಕೆ ಕರ್ಕೊಂಡು ಹೋಗಿದ್ವಿ. ಬೆಳಗ್ಗೆ ಚಂದ್ರವಳ್ಳಿ, ಆಮೇಲೆ ಚಿತ್ರದುರ್ಗದ ಕೋಟೆ, ಊಟ ಆದ್ಮೇಲೆ ಒಂದು ಸಂಗ್ರಹಾಲಯ, ಸಂಜೆಗೆ ವಾಣಿವಿಲಾಸ ಸಾಗರ. ಈ ಪಟ್ಟಿ ಓದಿದ ಯಾರಿಗಾದ್ರೂ ಎಡವಟ್ಟು ಎಲ್ಲಾಯ್ತು ಅಂತ ಗೊತ್ತಾಗುತ್ತೆ. ನನಗೆ ಮಾತ್ರ ಬಸ್ ಹತ್ತೋ ತನಕ ಗೊತ್ತಾಗಲಿಲ್ಲ.

ಸಂಗ್ರಹಾಲಯದೊಳಗೆ ಮಕ್ಕಳು ಇದ್ದದ್ದು ಗಡಿಯಾರ ಹಿಡಿದು 20 ನಿಮಿಷ. ನಾನು ಬಾಗಿಲಲ್ಲಿ ನಿಂತು "ಮುಟ್ಟಬೇಡ್ರೋ, ಒರಗಬೇಡ್ರೋ, ಲೈನಲ್ಲಿ ಹೋಗ್ರೋ" ಅಂತ ಗಂಟಲು ಹರ್ಕೊಳ್ತಿದ್ದೆ. ಹಲಗೆ ಮೇಲೆ ಬರೆದಿದ್ದು ಇಷ್ಟೇ: ವೀರಗಲ್ಲು, ಇಷ್ಟನೇ ಶತಮಾನ. ಅದರ ಪಕ್ಕ ಇನ್ನೊಂದು ವೀರಗಲ್ಲು, ಇಷ್ಟನೇ ಶತಮಾನ. ಒಬ್ಬ ಹುಡುಗ ಮಾತ್ರ ಅದರ ಮುಂದೆ ನಿಂತ್ಕೊಂಡು ಬಿಟ್ಟ. "ಸಾರ್, ಇದು ಯಾರ ಮನೇದು?" ಅಂದ. "ಮುಂದಕ್ಕೆ ಹೋಗೋ, ಹಿಂದೆ ಜನ ಅವ್ರೆ" ಅಂದೆ.

ಮಾರನೇ ದಿನ ಪ್ರಬಂಧ ಬರೆಸಿದೆ. ಹೆಚ್ಚುಕಮ್ಮಿ 60 ಪ್ರಬಂಧಗಳೂ ಒಂದೇ: "ಕೋಟೆಯು ಬಹಳ ಸುಂದರವಾಗಿತ್ತು. ನಮಗೆ ತುಂಬಾ ಸಂತೋಷವಾಯಿತು." ಆ ಹುಡುಗನ ಪ್ರಶ್ನೆ ಮಾತ್ರ ನನ್ನನ್ನ ಬಿಡ್ತಿಲ್ಲ. ಮಕ್ಕಳನ್ನ ಇಂಥ ಕಡೆ ಕರ್ಕೊಂಡು ಹೋಗಿ ಏನಾದ್ರೂ ಕಲಿಸಿದವರು ಇಲ್ಲಿ ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ದುರ್ಗದ ಹುಡುಗ

ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ನಾನು ಕೋಟೆ ಬುಡದಲ್ಲೇ ಹುಟ್ಟಿ ಬೆಳೆದೋನು. ಸ್ಕೂಲಿಂದ, ಕಾಲೇಜಿಂದ, ನೆಂಟರ ಜೊತೆ ಅಂತ ಓಬವ್ವನ ಕಿಂಡಿಗೆ 50 ಸಲ ಆದ್ರೂ ಹೋಗಿದ್ದೀನಿ. ಅಷ್ಟೂ ಸಲ ಕೇಳಿದ್ದು ಒಂದೇ ಕತೆ. ಕತೆ ಚೆನ್ನಾಗೇ ಐತೆ, ಅದು ಬೇರೆ ಮಾತು. ಆದ್ರೆ ಗುಡ್ಡದ ಮೇಲೆ ಅಷ್ಟು ಜನ ಕುಡಿಯೋಕೆ ನೀರಿಗೆ ಏನು ಮಾಡ್ತಿದ್ರು ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ, ಆಫೀಸಿನವರನ್ನ ಊರು ತೋರಿಸೋಕೆ ಕರ್ಕೊಂಡು ಬಂದಾಗ ಒಬ್ಬ ಗೈಡ್ ಅಣ್ಣ ಬಿಡಿಸಿ ಹೇಳಿದ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ಕೋಡಿ ಬಿದ್ರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತೆ, ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಪೇಟೆ ಒಳಗಿನ ಸಂತೆಹೊಂಡ. ಸಂತೆಹೊಂಡದ ಪಕ್ಕದಲ್ಲೇ ಓಡಾಡ್ಕೊಂಡು ಬೆಳೆದವನು ನಾನು. ಆ ನೀರಿನ ದಾರಿ ತಲೆ ಮೇಲಿಂದ ಶುರುವಾಗುತ್ತೆ ಅಂತ ತಿಳಿದಿದ್ದು 31ನೇ ವಯಸ್ಸಿಗೆ.

ನಾನಾಗಿದ್ರೆ ಒಂದು ದಿನ ಪೂರ್ತಿ ಆ ಹೊಂಡಗಳಿಗೇ ಇಡ್ತಿದ್ದೆ. ಚಂದ್ರವಳ್ಳಿಯೂ ಬೇಡ, ಡ್ಯಾಮೂ ಬೇಡ.

ಲೆಕ್ಕದ ಟೀಚರ್

ನಾವು ಹೊಳಲ್ಕೆರೆ ಕಡೆಯವರು, ನಾನು ಗಣಿತ. ಹೋದ ವರ್ಷ ಇದನ್ನೇ ಮಾಡಿದ್ವಿ ಸಾರ್, ಆದ್ರೆ ಇತಿಹಾಸ ಅಂತಲ್ಲ, ಲೆಕ್ಕ ಅಂತ. ಕೋಟೆ ಒಳಗೆ ಹೊಂಡದ ಕಡೆ ಇಳಿಜಾರಾಗಿರೋ ಒಂದು ಬಂಡೆ ಆರಿಸ್ಕೊಂಡ್ವಿ. ಮಕ್ಕಳು ಗಂಟು ಹಾಕಿದ ಹಗ್ಗ ಹಿಡಿದು ಅಳೆದ್ರು. ಅಂದಾಜು 20 ಮೀಟರ್ ಉದ್ದ, 15 ಮೀಟರ್ ಅಗಲ, ಅಲ್ಲಿಗೆ 300 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ರೆ 1 ಲೀಟರ್ ನೀರು. ಇದು ಪುಸ್ತಕದಲ್ಲಿ ಇದ್ದೇ ಇದೆ, ಮಕ್ಕಳ ತಲೆಗೆ ಹೋಗಲ್ಲ. ಬಂಡೆ ಮೇಲೆ ಕೂತು ಹಾಕಿದಾಗ ಹೋಯ್ತು. ಒಂದು ಹದವಾದ ಮಳೆ 20 ಮಿಲಿಮೀಟರ್ ಅಂತ ಇಟ್ಕೊಳ್ಳಿ, ಆ ಒಂದೇ ಬಂಡೆಯಿಂದ 6,000 ಲೀಟರ್. "ಮಿಸ್, ಆರು ಸಿಂಟೆಕ್ಸ್!" ಅಂತ ಒಬ್ಬಳು ಕಿರುಚಿದಳು.

ಹೊಲದ ಮಣ್ಣಾದ್ರೆ ಅರ್ಧ ಹೀರ್ಕೊಳ್ಳುತ್ತೆ, ಬಂಡೆ ಹೀರಲ್ಲ. ದುರ್ಗದ ಬೋಳು ಗುಡ್ಡ ಯಾಕೆ ನೀರಿಗೆ ಒಳ್ಳೇದು ಅನ್ನೋದು ಆಗ ತಾನಾಗೇ ಬಂತು. ನಮ್ಮ ಕಡೆ ಬೀಳೋದೇ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಅದರಲ್ಲೇ ಅವರು ನಡೆಸಿದ್ರು. ಹೈದರಾಲಿ ಸೈನ್ಯ ಮುತ್ತಿಗೆ ಹಾಕಿದಾಗ ಕೋಟೆ ಅಷ್ಟು ಕಾಲ ಹೇಗೆ ತಡ್ಕೊಂಡಿತು ಅಂತ ಮಕ್ಕಳೇ ನಮ್ಮ ಸಮಾಜದ ಮೇಷ್ಟ್ರನ್ನ ಕೇಳಿದ್ರು. 1779 ಅನ್ನೋ ಇಸವಿ ಅವತ್ತಿಂದ ಯಾರೂ ಮರೆತಿಲ್ಲ.

ಅಂದಹಾಗೆ 15 ವರ್ಷದೊಳಗಿನ ಮಕ್ಕಳಿಗೆ ಕೋಟೆಗೆ ಟಿಕೆಟ್ ಇಲ್ಲ. ವಯಸ್ಸು ತೋರಿಸೋಕೆ ಶಾಲೆಯ ಪತ್ರ ಒಂದು ಇಟ್ಕೊಂಡ್ರೆ ಗೇಟಲ್ಲಿ ತಕರಾರು ಇರಲ್ಲ.

ಸುಮ್ನೆ ಓದೋನು

ಎಲ್ಲ ಚೆನ್ನಾಗಿದೆ ಮೇಡಂ. ಆದ್ರೆ ನನ್ನ ಮಗ 10ನೇ ಕ್ಲಾಸು. ಸಂಜೆ ಟ್ಯೂಷನ್, ಭಾನುವಾರ ಟೆಸ್ಟು. ಬಂಡೆ ಅಳೆದ್ರೆ ಎಷ್ಟು ಮಾರ್ಕ್ಸ್? ಬಸ್ಸಿಗೆ ತಲೆಗೆ ಎಷ್ಟು ಬಿತ್ತು ಅಂತಾನೂ ಹೇಳಿ. ಹಳ್ಳಿ ಮಕ್ಕಳ ಅಪ್ಪ-ಅಮ್ಮ ಅಷ್ಟು ದುಡ್ಡು ಕೊಡೋದು ಸುಲಭ ಅಲ್ಲ. ಹೋಗಿಬಂದು "ತುಂಬಾ ಸಂತೋಷವಾಯಿತು" ಅಂತ ಬರೆಯೋಕೆ ಅಷ್ಟೆಲ್ಲ ಯಾಕೆ.

ಲೆಕ್ಕದ ಟೀಚರ್

ಮಾರ್ಕ್ಸ್ ಬಗ್ಗೆ ನಿಮ್ಮ ಹತ್ರ ಜಗಳ ಆಡಲ್ಲ ಸಾರ್, ಸೋಲ್ತೀನಿ. ಬಸ್ಸಿನ ಮಾತು ಮಾತ್ರ ನಿಜ. ಅದಕ್ಕೇ ಈ ವರ್ಷ ಊರ ಕೆರೆ ಏರಿಯನ್ನೇ ಅಳೀತಿದ್ದೀವಿ.

ಬುರುಜನಹಟ್ಟಿ ಅಕ್ಕ

ಕಲಿಕೆ ಅಂದ್ರೆ ಬರೀ ಸ್ಕೂಲ್ ಮಕ್ಕಳದ್ದಾ? ನನ್ನದೂ ಸೇರಿಸ್ಕೊಳ್ಳಿ. ಬ್ಯಾಂಕಿನಿಂದ ನಿವೃತ್ತಿ ಆದಾಗ ನನಗೆ 60. ಮೊದಲ ಆರು ತಿಂಗಳು ಧಾರಾವಾಹಿ ನೋಡಿ ಕಣ್ಣು ಕೆಂಪು. ಆಮೇಲೆ ಒಂದು ದಿನ ತಮ್ಮನ ಕಾರಲ್ಲಿ ಮೊಳಕಾಲ್ಮೂರಿನ ಕಡೆ ಬ್ರಹ್ಮಗಿರಿಗೆ ಹೋದೆ, ಅಶೋಕನ ಶಾಸನ ನೋಡೋಕೆ. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಬಂಡೆ ಮುಂದೆ ನಿಂತೆ, ಏನೂ ಅರ್ಥ ಆಗಲಿಲ್ಲ. 35 ವರ್ಷ ಜನರ ಸಹಿ ನೋಡಿ ನೋಡಿ ಚೆಕ್ಕು ಪಾಸು ಮಾಡಿದವಳು ನಾನು, ಒಂದು ಅಕ್ಷರ ಗುರುತು ಸಿಗಲಿಲ್ಲ ಅಂದ್ರೆ ಅವಮಾನ ಆಯ್ತು ಅನ್ನಿ.

ಮನೆಗೆ ಬಂದು ಆ ಶಾಸನದ ಬ್ರಾಹ್ಮಿ ಲಿಪಿ ಕಲಿಯೋಕೆ ಕೂತೆ. ಅಯ್ಯೋ, ಇದು ನಾವು ಹೆದರೋ ಹಂಗೆ ಇಲ್ಲ! "ಕ" ಅಂದ್ರೆ ಲೆಕ್ಕದ ಕೂಡಿಸೋ ಗುರುತು. "ಗ" ಅಂದ್ರೆ ಗುಡಿಸಲಿನ ಮಾಡು. "ಠ" ಒಂದು ಸೊನ್ನೆ, "ಥ" ಸೊನ್ನೆ ಒಳಗೆ ಒಂದು ಚುಕ್ಕಿ. ಇಷ್ಟನ್ನ ನನ್ನ ಮೊಮ್ಮಗಳು ಒಂದೇ ಮಧ್ಯಾಹ್ನಕ್ಕೆ ಕಲಿತು ತನ್ನ ಹೆಸರು ಬರೆದಳು. ನಾನು ಎರಡು ತಿಂಗಳು ತಗೊಂಡೆ, ನಾಚಿಕೆ ಏನಿಲ್ಲ.

ಎರಡನೇ ಸಲ ಹೋದಾಗ ಓದೋಕೆ ಬಂತು. ಎಲ್ಲ ಅಲ್ಲ, ಅಲ್ಲೊಂದು ಇಲ್ಲೊಂದು ಪದ. ಸುವರ್ಣಗಿರಿಯಿಂದ ಇಸಿಲ ಅನ್ನೋ ಊರಿನ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು, ನಮ್ಮ ಬ್ಯಾಂಕಿನ ಸುತ್ತೋಲೆ ಥರ. ಕೊನೆ ಕೊನೆಗೆ ಏನಂತಾನೆ ಗೊತ್ತಾ? ತಂದೆ-ತಾಯಿ ಮಾತು ಕೇಳು, ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯ ಹೇಳು, ಶಿಷ್ಯ ಆದವನು ಗುರುವಿಗೆ ಮರ್ಯಾದೆ ಕೊಡಲಿ. ಮೇಷ್ಟ್ರೇ, ನಿಮ್ಮ ಸ್ಟಾಫ್ ರೂಮಿಗೆ ಬರೆಸಿ ಹಾಕೋ ಹಂಗಿದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬರೆದವನ ಸಹಿ. ಚಪಡ ಅಂತ ಅವನ ಹೆಸರು. ಶಾಸನ ಪೂರ್ತಿ ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಬರೆದು, "ಲಿಪಿಕರೇಣ" (ಲಿಪಿಕಾರನಿಂದ) ಅನ್ನೋ ಒಂದೇ ಪದವನ್ನ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ನಡೀತಿದ್ದದ್ದು ದೂರದ ಗಾಂಧಾರದ ಕಡೆ. ಅಲ್ಲಿಂದ ಬಂದವನೋ, ಅಲ್ಲಿ ಕಲಿತು ಬಂದವನೋ, ನಮ್ಮ ಮೊಳಕಾಲ್ಮೂರಿನ ಬಿಸಿಲಲ್ಲಿ ಕೂತು ಕಲ್ಲು ಕೆತ್ತಿಸಿ, ಕೊನೆಗೆ ನನಗೆ ಇದೂ ಬರುತ್ತೆ ನೋಡಿ ಅಂತ ಒಂದು ಜಂಬ! ಚೆಕ್ಕಿನ ಮೇಲೆ ಬಾಲ ಬಿಡಿಸಿ ಸಹಿ ಹಾಕ್ತಿದ್ದ ಒಬ್ಬ ಗುತ್ತಿಗೆದಾರರು ನೆನಪಾದ್ರು.

ಒಂದು ವಿನಂತಿ. ಅಕ್ಷರ ಕಾಣಲಿಲ್ಲ ಅಂತ ಕಲ್ಲಿಗೆ ಸೀಮೆಸುಣ್ಣ ಉಜ್ಜಬೇಡಿ, ಅರಿಶಿನ ಎಣ್ಣೆ ಬಳೀಬೇಡಿ. ಬೆಳಗ್ಗೆ ಏಳು ಗಂಟೆಯ ಓರೆ ಬಿಸಿಲಿಗೆ ಹೋಗಿ. ಇಲ್ಲದಿದ್ರೆ ಟಾರ್ಚನ್ನ ಪಕ್ಕದಿಂದ ಹಿಡೀರಿ. ಅಕ್ಷರ ಎದ್ದು ಬರುತ್ತೆ.

ಬೆಣ್ಣೆದೋಸೆ

ಅಕ್ಕಾರ, ಭಾಳ ಚಲೋ ಬರ್ದೀರಿ. ನಮ್ಮ ದಾವಣಗೆರಿಗೆ ಕೋಟಿ ಇಲ್ಲ, ಅಶೋಕನೂ ಇಲ್ಲ ಅಂತ ದುರ್ಗದವ್ರು ನಗ್ತೀರಿ, ಗೊತ್ತೈತಿ. 1997ರ ತನಕ ನಾವೂ ನಿಮ್ಮ ಜಿಲ್ಲಾದಾಗ ಇದ್ದವ್ರs ಅನ್ನೋದು ನೆನಪಿರ್ಲಿ. ಹರಿಹರದ ಗುಡಿ ಐತಿ, 1224ರಾಗ ಪೋಲಾಳ್ವ ದಂಡನಾಥ ಕಟ್ಸಿದ್ದು. ಒಂದs ಮೂರ್ತಿ, ಅರ್ಧ ಹರಿ ಅರ್ಧ ಹರ. ಸಂತೇಬೆನ್ನೂರು ಪುಷ್ಕರಣಿ ಐತಿ.

ಆದ್ರ ನಾ ಹೇಳಾಕ ಬಂದಿದ್ದು ಗಿರಣಿ ಬಗ್ಗೆ. ನಮ್ಮಪ್ಪ ಹತ್ತಿ ಗಿರಣಿಯಾಗ ಮಗ್ಗದ ಖಾತೆದಾಗ ಇದ್ದ. ಸೈರನ್ ಕೇಳಿ ಊರs ಗಡಿಯಾರ ಸರಿ ಮಾಡ್ಕೊಂತಿತ್ತು. ಈಗ ಅಪ್ಪನ ಕಿವಿ ಕೇಳಂಗಿಲ್ಲ, ಮಗ್ಗದ ಸದ್ದಿಗೇ ಹೋದದ್ದು ಅಂತಾನ. ಅವನ ಹಾಜರಿ ಕಾರ್ಡು, ಒಂದು ಹಿತ್ತಾಳಿ ಟೋಕನ್ನು, ಮಗ್ಗದಾಗ ಅಡ್ಡ ನೂಲು ಓಡಿಸೋ ಒಂದು ಲಾಳಿ ನಮ್ಮ ಟ್ರಂಕ್‌ನಾಗ ಅದಾವು. ನನ್ನ ಮಗಳ ಸಾಲಿಯಾಗ "ಮನೆಯ ಹಳೇ ವಸ್ತು ತನ್ನಿ" ಅಂದಾಗ ಲಾಳಿ ಕೊಟ್ಟು ಕಳಿಸ್ದೆ. ಟೀಚರ್ರು ಇದೇನು ದೋಣಿ ಗೊಂಬಿ ಏನು ಅಂದ್ರಂತ. ದಾವಣಗೆರಿಯಾಗ ಲಾಳಿ ಗೊತ್ತಿಲ್ಲ ಅಂದ್ರ ಏನ್ ಹೇಳೋದ್ರಿ.

ಮರುದಿನ ನಮ್ಮಪ್ಪನೇ ಸಾಲಿಗೆ ಹೋದ. ಎರಡು ಕುರ್ಚಿ ನಡುವ ನೂಲು ಕಟ್ಟಿ ಲಾಳಿ ಹೆಂಗ ಓಡ್ತೈತಿ ತೋರಿಸ್ದ. ಒಂದು ತಾಸು ಒಂದು ಹುಡುಗೂ ಮಿಸುಕಾಡಲಿಲ್ಲಂತ. ಅದಕ್ಕ ಯಾವ ಹಲಗಿನೂ ಬೇಕಾಗಲಿಲ್ಲ.

ದುರ್ಗದ ಹುಡುಗ

ಅಣ್ಣ, ಆ ಟೋಕನ್ನು ಮತ್ತೆ ಲಾಳಿ ದಯವಿಟ್ಟು ಗುಜರಿಗೆ ಹಾಕಬೇಡಿ. ಇಂಥವನ್ನೇ ಸಂಗ್ರಹಾಲಯಕ್ಕೆ ಕೊಡಬೇಕು. ಊರೂರಲ್ಲಿ ಬಿಸಿಲು ಮಳೆಗೆ ಬಿದ್ದಿರೋ ವೀರಗಲ್ಲು, ಮಾಸ್ತಿಕಲ್ಲುಗಳನ್ನೂ ಅಷ್ಟೇ. ದುರ್ಗದ ರಂಗಯ್ಯನ ಬಾಗಿಲಿನ ಸಂಗ್ರಹಾಲಯದಂಥ ಜಾಗಕ್ಕೆ ತಂದು ಇಟ್ರೆ ಸೂರಾದ್ರೂ ಇರುತ್ತೆ.

ಹೊಲದ ಮನುಷ್ಯ

ಏನಪ್ಪ ಹುಡುಗ, ತಂದು ಇಟ್ರೆ ಅಂತೀಯ. ಯಾರನ್ನ ಕೇಳಿ ತಂದಿಡ್ತೀಯ? ನಮ್ಮೂರ ಬಾಗಿಲಲ್ಲಿ ಒಂದು ಕಲ್ಲು ಐತೆ. ಮುತ್ತಾತನ ಕಾಲದಿಂದ ಯುಗಾದಿಗೆ ನೀರು ಹಾಕಿ, ಕಾಯಿ ಒಡೀತೀವಿ. ದನ ಕಾಯೋಕೆ ಹೋಗಿ ಸತ್ತೋನು ಅಂತ ನಮ್ಮಜ್ಜ ಹೇಳ್ತಿದ್ದ. ಅದನ್ನ ಎತ್ಕೊಂಡು ಹೋಗಿ ಪೇಟೇಲಿ ನಿಲ್ಲಿಸಿ ನಂಬರ್ ಹಾಕಿದ್ರೆ ಅದು ಕಲ್ಲಾಗುತ್ತೆ. ನಮ್ಮೂರಲ್ಲಿ ಇರೋ ತನಕ ಅದು ಆಳು.

ಕಲಿಕೆ ಅಂತೀರಿ. ನಮ್ಮ ಯಲಗಟ್ಟೆ ಗೊಲ್ಲರಹಟ್ಟಿ ಸಿರಿಯಜ್ಜಿ ಅಕ್ಷರ ಬಲ್ಲವಳಲ್ಲ. ಸಾವಿರಗಟ್ಟಲೆ ಹಾಡು ಬಾಯಲ್ಲಿ ಇಟ್ಕೊಂಡಿದ್ಲು. ಹಂಪಿ ವಿಶ್ವವಿದ್ಯಾಲಯದೋರು ನಾಡೋಜ ಅಂತ ಕರೆದ್ರು. ಅವಳನ್ನ ಯಾವ ಗಾಜಿನ ಪೆಟ್ಟಿಗೇಲಿ ಇಡ್ತಿದ್ರಿ?

ದುರ್ಗದ ಹುಡುಗ

ದೊಡ್ಡಪ್ಪ, ಕೋಪ ಬೇಡ. ನಾನು ಕಿತ್ಕೊಂಡು ಬನ್ನಿ ಅಂತ ಹೇಳಿಲ್ಲ. ಲೋಕದ ಮ್ಯೂಸಿಯಂನೋರೆಲ್ಲ ಸೇರಿ 2022ರಲ್ಲಿ ಪ್ರಾಗ್ ನಗರದಲ್ಲಿ ಒಂದು ಹೊಸ ವ್ಯಾಖ್ಯಾನ ಒಪ್ಕೊಂಡಿದ್ದಾರೆ. ಕೂಡಿಡೋದು, ಕಾಪಾಡೋದರ ಜೊತೆಗೆ ಕಲಿಕೆ, ಖುಷಿ, ಅರಿವು ಹಂಚೋದು ಅಂತೆಲ್ಲ ಇದೆ. ಊರ ಜನ ಜೊತೆಗಿರಬೇಕು ಅಂತಾನೂ ಇದೆ. ಆದ್ರೆ ರಸ್ತೆ ಅಗಲ ಮಾಡುವಾಗ ಜೆಸಿಬಿ ಕೆಳಗೆ ಸಿಕ್ಕಿ ಎರಡು ತುಂಡಾದ ವೀರಗಲ್ಲನ್ನ ಕಣ್ಣಾರೆ ನೋಡಿದ್ದೀನಿ. ಅದು ಒಳಗೆ ಇದ್ದಿದ್ರೆ ಉಳೀತಿತ್ತು.

ಹೊಲದ ಮನುಷ್ಯ

ಪ್ರಾಗೋ ಪರಂಗಿಯೋ, ಒಪ್ಕೊಂಡಿದ್ರೆ ಸಂತೋಷ. ಜೆಸಿಬಿ ಮಾತು ಒಪ್ತೀನಿ. ಪೂಜೆ ನಿಂತ ಕಲ್ಲು ತಗೊಂಡು ಹೋಗ್ರಿ, ಪೂಜೆ ಇರೋದಕ್ಕೆ ಕೈ ಹಾಕಬ್ಯಾಡ್ರಿ. ತಗೊಂಡು ಹೋದ್ರೂ ಹಲಗೆ ಮೇಲೆ ಶತಮಾನದ ಜೊತೆ ನಮ್ಮೂರ ಹೆಸರು ಬರೀರಿ. ಅಷ್ಟೂ ಬರೆಯಲ್ಲ ಅಂದ್ರೆ ಆ ಹುಡುಗ ಕೇಳಿದ್ದು ಸರಿಯಾಗೇ ಐತೆ. ಯಾರ ಮನೇದು?

ಕಲ್ಲುಬಂಡೆ

ಮಧ್ಯದಲ್ಲಿ ಬಾಯಿ ಹಾಕ್ತೀನಿ, ಭೂವಿಜ್ಞಾನದವನು. ಎತ್ಕೊಂಡು ಹೋಗೋಕಾಗದ ಮ್ಯೂಸಿಯಂ ಒಂದು ಇದೆ ನಮ್ಮ ಜಿಲ್ಲೆಯಲ್ಲಿ. ಐಮಂಗಲದ ಹತ್ರ ಮರಡಿಹಳ್ಳಿ. ಅಲ್ಲಿನ ಗುಡ್ಡದ ಕಲ್ಲು ದಿಂಬುಗಳನ್ನ ಒಂದರ ಮೇಲೊಂದು ಪೇರಿಸಿದ ಹಾಗೆ ಕಾಣುತ್ತೆ. ಸಮುದ್ರದ ಅಡಿ ಉಕ್ಕಿದ ಲಾವಾ ತಣ್ಣೀರು ತಾಗಿ ಹಾಗೆ ಉಂಡೆಗಟ್ಟಿದ್ದು, ಸುಮಾರು 250 ಕೋಟಿ ವರ್ಷದ ಹಿಂದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬರಗಾಲದ ನಾಡು ಅಂತ ಬೈಸಿಕೊಳ್ಳೋ ನಮ್ಮ ಕಾಲ ಕೆಳಗೆ ಒಮ್ಮೆ ಸಮುದ್ರ ಇತ್ತು ಅಂದ್ರೆ ಹಿರಿಯೂರಿನ ಮಕ್ಕಳು ನಂಬಲ್ಲ, ಕರ್ಕೊಂಡು ಹೋಗಿ ತೋರಿಸಬೇಕು. ದಿಂಬಿನ ಉಬ್ಬು ಯಾವ ಕಡೆ ಇದೆ ಅಂತ ನೋಡಿ ಆಗ ಮೇಲು ಯಾವುದು ಕೆಳಗೆ ಯಾವುದು ಅಂತ ಮಕ್ಕಳೇ ಹೇಳಬಹುದು. ಸುತ್ತಿಗೆ ಮಾತ್ರ ಬೇಡ, ಒಂದು ಚೂರೂ ಒಡೀಬಾರದು.

ಬುರುಜನಹಟ್ಟಿ ಅಕ್ಕ

ಮೇಲು ಕೆಳಗು ಅಂದ್ರಲ್ಲ, ಚಂದ್ರವಳ್ಳಿದೂ ಅದೇ ಕತೆ. 1929ರಲ್ಲಿ ಎಂ.ಎಚ್. ಕೃಷ್ಣ ಅಗೆದ್ರು, 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲೂ ಬ್ರಹ್ಮಗಿರಿಯಲ್ಲೂ ಪದರ ಪದರವಾಗಿ ಅಗೆದ್ರು. ಶಾತವಾಹನರ ಸೀಸದ ನಾಣ್ಯದ ಜೊತೆ ರೋಮಿನ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ತು. ಅಲ್ಲಿ ಹೋದವರು ಗುಹೆ ಒಳಗೆ ಕತ್ತಲಲ್ಲಿ ಕೂಗಾಡಿ ಬರ್ತಾರೆ. ಮಯೂರಶರ್ಮನ ಶಾಸನ ಅಲ್ಲೇ ಭೈರವೇಶ್ವರ ಗುಡಿ ಹತ್ರ ಇದ್ರೂ ಯಾರೂ ತಿರುಗಿ ನೋಡಲ್ಲ. ಆ ಕದಂಬ ರಾಜ ಅಲ್ಲಿ ಕೆರೆ ಕಟ್ಟಿಸಿದ ವಿಷಯ ಬರೆಸಿದ್ದಾನೆ.

ಹಳ್ಳಿ ಮೇಷ್ಟ್ರು

ಹದಿನೈದು ದಿನ ಆಯ್ತು, ಇಲ್ಲಿ ಬಂದಿರಲಿಲ್ಲ. ಎಲ್ಲ ಓದಿದೆ. ಹೊಲದ ಮನುಷ್ಯರ ಮಾತು ಓದಿದ ಮೇಲೆ ಆ ಹುಡುಗನನ್ನ ಕರೆದು ಕೇಳಿದೆ, ಅವತ್ತು ಯಾಕಪ್ಪ ಹಂಗೆ ಕೇಳಿದೆ ಅಂತ. ಮೊದಲು ಹೆದರಿದ. ಆಮೇಲೆ ಅಂದ, "ನಮ್ಮ ಹಿತ್ತಿಲಲ್ಲೂ ಒಂದೈತೆ ಸಾರ್, ಅಂಥದ್ದೇ. ಅಜ್ಜಿ ಹಾಲು ಹಾಕ್ತದೆ."

ಮೊನ್ನೆ ಶನಿವಾರ ಬೆಳಗ್ಗೆ ಹೋದ್ವಿ. 62 ಅಲ್ಲ, ಹನ್ನೊಂದೇ ಮಕ್ಕಳು. ಬಸ್ಸಿಲ್ಲ, ನಡ್ಕೊಂಡೇ ಹೋದ್ವಿ. ಹಿತ್ತಿಲಲ್ಲಿ ಸೌದೆ ಒಟ್ಟಲಿನ ಪಕ್ಕ, ಹುಣಸೆ ಮರದ ಬುಡದಲ್ಲಿ ಕಲ್ಲು. ನಾನು ಬಾಯಿ ಬಿಡಲಿಲ್ಲ, ಏನು ಕಾಣುತ್ತೆ ಹೇಳಿ ಅಂದೆ ಅಷ್ಟೇ. ಅರ್ಧ ಗಂಟೆ ಆಯ್ತು. ಕೆಳಗಿನ ಪಟ್ಟಿಯಲ್ಲಿ ಬಿಲ್ಲು ಹಿಡಿದವನು. ಅವನ ಹಿಂದೆ ಏನೋ ಇದೆ, ನಾಯಿ ಅಂದ್ರು, ಕುದುರೆ ಅಂದ್ರು, ಕೊನೆಗೆ ಒಬ್ಬಳು ಕೋಡು ಕಂಡುಹಿಡಿದಳು. ದನ. ಮಧ್ಯದ ಪಟ್ಟಿಯಲ್ಲಿ ಅವನನ್ನ ಇಬ್ಬರು ಹೆಂಗಸರು ಎತ್ಕೊಂಡು ಹೋಗ್ತಿದ್ದಾರೆ. ಮೇಲೆ ಲಿಂಗ, ಪಕ್ಕ ಅವನು ಕೂತಿದ್ದಾನೆ. ತುರುಗೋಳು, ದನ ಹೊಡ್ಕೊಂಡು ಹೋಗುವಾಗ ನಡೆದ ಕಾಳಗ ಅಂತ ಆಗ ಹೇಳಿದೆ. ಅಜ್ಜಿ ಸೆರಗು ಬಾಯಿಗಿಟ್ಕೊಂಡು ನಗ್ತಾ, "ಇದ ಹೇಳೋಕೆ ನೀವು ಓದ್ಬೇಕಾಯ್ತಾ? ಅವನು ದನಕ್ಕೆ ಸತ್ತೋನೇ" ಅಂತು.

ಇನ್ನೂ ಒಂದು ಆಯ್ತು. ಮೂಲೆಯಲ್ಲಿ ಒನಕೆ ಒರಗಿಸಿತ್ತು. ಓಬವ್ವನ ಕತೆ ಬಾಯಿಪಾಠ ಹೇಳೋ ಮಕ್ಕಳಲ್ಲಿ ಏಳು ಜನ ಒನಕೆ ಹಿಡಿದೇ ಇಲ್ಲ! ಅಜ್ಜಿ ಒರಳಿಗೆ ಒಂದು ಹಿಡಿ ನವಣೆ ಹಾಕಿ ಕೊಟ್ಟರು. ತುದಿಗೆ ಕಬ್ಬಿಣದ ಬಳೆ ಹಾಕಿದ ಒನಕೆ, ನಮ್ಮ ಕ್ಲಾಸಿನ ಗಟ್ಟಿಗನೇ ಇಪ್ಪತ್ತು ಏಟಿಗೆ ಸುಸ್ತು. "ಅವ್ವ ಇದನ್ನ ಎಷ್ಟು ಸಲ ಎತ್ತಿರಬೇಕು ಸಾರ್" ಅಂದ. ಈ ಸಲ ಯಾರಿಗೂ ಪ್ರಬಂಧ ಬರೀರಿ ಅಂತ ಹೇಳಲಿಲ್ಲ.

ಅಕ್ಕಾ, ನಿಮಗೆ ಒಂದು ಕೆಲಸ ಇದೆ. ಪಟ್ಟಿಗಳ ನಡುವೆ ಒಂದು ಸಾಲು ಅಕ್ಷರ ಇದೆ, ಕೆಳಗೆ ಇನ್ನೂ ಇರಬಹುದು, ಕಲ್ಲಿನ ಕಾಲು ಭಾಗ ಮಣ್ಣಲ್ಲಿದೆ. ಏಳು ಗಂಟೆ ಬಿಸಿಲಿಗೆ ತೆಗೆದ ಫೋಟೋ ಹಾಕಿದ್ದೀನಿ. ಸೀಮೆಸುಣ್ಣ ಹಚ್ಚಿಲ್ಲ!

ಬುರುಜನಹಟ್ಟಿ ಅಕ್ಕ

ನೋಡಿದೆ ಮೇಷ್ಟ್ರೇ. ಇದು ಬ್ರಾಹ್ಮಿ ಅಲ್ಲ, ಹಳಗನ್ನಡದ್ದು, ನನಗೆ ಇನ್ನೂ ತಡವರಿಸುತ್ತೆ. ಮೊದಲ ಪದ ಮಾತ್ರ ಗಟ್ಟಿ: "ಸ್ವಸ್ತಿ". ಆಮೇಲೆ "ಶ್ರೀ" ಇರಬೇಕು. ಮುಂದಿನದಕ್ಕೆ ಎಡಗಡೆಯಿಂದ ಬೆಳಕು ಬಿದ್ದ ಇನ್ನೊಂದು ಫೋಟೋ ಬೇಕು. ರೈಸ್ ಅವರ ಶಾಸನ ಸಂಪುಟಗಳಲ್ಲಿ 11ನೇದು ನಮ್ಮ ಜಿಲ್ಲೆಯದು, ಚಳ್ಳಕೆರೆ ತಾಲ್ಲೂಕೂ ಅದರಲ್ಲಿದೆ. ನಿಮ್ಮ ಊರಿನ ಹೆಸರು ನನಗೆ ಖಾಸಗಿಯಾಗಿ ಕಳಿಸಿ, ಇದು ಆಗಲೇ ಓದಿದ್ದೋ ಹೊಸದೋ ನೋಡ್ತೀನಿ. ಅಗೆಯೋಕೆ ಹೋಗಬೇಡಿ, ಪುರಾತತ್ವ ಇಲಾಖೆಗೆ ಒಂದು ಪತ್ರ ಬರೆಯೋಣ, ಮಕ್ಕಳ ಕೈಲೇ ಬರೆಸಿ.

ಹೊಲದ ಮನುಷ್ಯ

ಪತ್ರ ಬರೆಯೋ ಮುಂಚೆ ಅಜ್ಜೀನ ಕೇಳ್ರಿ.

ಹಳ್ಳಿ ಮೇಷ್ಟ್ರು

ಕೇಳಿದೆ ಸಾರ್. "ಬಂದು ನೋಡ್ಕೊಂಡು ಹೋಗ್ಲಿ, ಓದ್ಕೊಂಡು ಹೋಗ್ಲಿ. ಎತ್ತೋದು ಗಿತ್ತೋದು ಇಲ್ಲ. ಸೋಮವಾರ ಹಾಲು ಹಾಕೋ ಹೊತ್ತಿಗೆ ಮಾತ್ರ ಬರಬಾರದು" ಅಂದವ್ರೆ. ಹುಡುಗ ಪತ್ರದಲ್ಲಿ ಅದನ್ನೂ ಬರೆದಿದ್ದಾನೆ.